ಬಸ್ಸು ಬಂದ ಮೇಲೆ ಮುದ್ದೆ

ಹನಗೋಡಿನ ನಮ್ಮ ಮನೆಯಲ್ಲಿ ಮೊದಲೆಲ್ಲ ದೀಪ ಹಚ್ಚಿದ ಕೂಡಲೇ ಮುದ್ದೆಗೆ ಎಸರಿಡುತ್ತಿದ್ದರು. ನಾನು ಹುಣಸೂರಿಗೆ ಡಿಗ್ರಿಗೆ ಸೇರಿದ ಮೇಲೆ ಊಟದ ಹೊತ್ತನ್ನು ಕೊನೆಯ ಬಸ್ಸು ಹೇಳತೊಡಗಿತು.

ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಹೆಮ್ಮೆಯಿಂದಲೇ ಹೇಳುತ್ತೇನೆ, ಸುಲಭಕ್ಕೆ ಸಿಕ್ಕಿದ್ದಲ್ಲ. ಪ್ರಾಕ್ಟಿಕಲ್ ಇದ್ದ ದಿನ ಕಾಲೇಜು ಬಿಡುವಾಗಲೇ ಸಂಜೆ. ಬಸ್ಸು ಊರೂರಲ್ಲೂ ನಿಂತು ಬರುವಷ್ಟರಲ್ಲಿ ಕತ್ತಲು. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ಸೊಪ್ಪಿನ ಬಸ್ಸಾರು ಒಲೆಯ ಪಕ್ಕ ಕಾದು ಕೂತಿರುತ್ತಿತ್ತು. ತಿರುವಿನಲ್ಲಿ ಹಾರನ್ ಕೇಳಿದ ಮೇಲೆ ಅವ್ವ ಎಸರಿಗೆ ರಾಗಿಹಿಟ್ಟು ಸುರಿಯುತ್ತಿದ್ದಳು.

ತಾತನಿಗೆ ಹಸಿವು ತಡೆಯಲಾಗುತ್ತಿರಲಿಲ್ಲ. ನಾನು ಜಗಲಿ ಹತ್ತುವಾಗಲೇ ಕೇಳುತ್ತಿದ್ದ, "ಏನವ್ವಾ, ನಿಮ್ ಕಾಲೇಜ್ನಲ್ಲಿ ಮುದುಕ್ರ ಒಟ್ಟೆ ಹಸ್ವಿನ ಪಾಠ ಮಾಡಕ್ಕಿಲ್ವಾ?"

ಪಕ್ಕದ ಮನೆಯ ದೊಡ್ಡಮ್ಮ ಬೇರೆ ಒಂದು ದಿನ, ಅವ್ವನಿಗೆ ಕೇಳಿಸುವ ಹಾಗೆ ಅಂದಳು: "ಒಂದು ಹುಡ್ಗೀಗೋಸ್ಕರ ಮನೆಮಂದೀನೆಲ್ಲ ಉಪಾಸ ಕೆಡವೋದು ನಿಮ್ಮನೇಲೇ ಕಣವ್ವ ನಾನ್ ನೋಡಿದ್ದು."

ನನಗೇ ಮುಜುಗರವಾಯಿತು. "ನಾಳೆಯಿಂದ ನೀವೆಲ್ಲ ಉಂಡ್ಬುಡಿ. ನಂದು ಎತ್ತಿಡು ಸಾಕು" ಎಂದೆ.

"ಆರಿದ್ ಇಟ್ಟು ಗಂಟ್ಲಲ್ಲಿ ಇಳಿಯಕ್ಕಿಲ್ಲ" ಎಂದಳು ಅವ್ವ. ನಮ್ಮ ಕಡೆ ಮುದ್ದೆಯನ್ನೂ ಹಿಟ್ಟು ಎಂದೇ ಅನ್ನುವುದು.

ಮಾರನೆಯ ದಿನ ನಾನು ಹೇಳಿದ ಹಾಗೇ ಆಯಿತು. ಮುಚ್ಚಿಟ್ಟ ಮುದ್ದೆ ಮೇಲೆಲ್ಲ ಒಣಗಿ ಚಕ್ಕೆ ಕಟ್ಟಿತ್ತು. ಸಾರು ಅದೇ, ಅವ್ವನ ಕೈಯೂ ಅದೇ, ಆದರೂ ಅಡುಗೆಮನೆಯಲ್ಲಿ ಒಬ್ಬಳೇ ಕೂತು ನುಂಗಲಾಗಲಿಲ್ಲ. ನಮ್ಮ ಮನೆಯಲ್ಲಿ ದಿನದ ಮಾತೆಲ್ಲ ಉಣ್ಣುವಾಗಲೇ ಆಗುತ್ತಿತ್ತು: ಹೊಗೆಸೊಪ್ಪಿಗೆ ಹುಳ ಬಿದ್ದದ್ದು, ಪಿರಿಯಾಪಟ್ಟಣದ ಅತ್ತೆ ಮುನಿಸಿಕೊಂಡು ಫೋನೆತ್ತದೆ ಇದ್ದದ್ದು. ಅವತ್ತು ಅದೆಲ್ಲ ನಾನಿಲ್ಲದೆ ಮುಗಿದುಹೋಗಿತ್ತು.

ಅರ್ಧ ಉಳಿದ ನನ್ನ ತಟ್ಟೆಯನ್ನು ಅಪ್ಪ ನಡುಮನೆಯಿಂದಲೇ ನೋಡಿದ.

"ಒಬ್ಬೊಬ್ರು ಒಂದೊಂದ್ ಒತ್ತಲ್ಲಿ ಉಣ್ಣಕ್ಕೆ ಇದೇನ್ ಓಟ್ಲಾ? ಓದಿದ್ದು ಸಾಕು. ಕಾಲೇಜ್ ಬುಟ್ಬುಡ್ಲಿ."

ಅವ್ವ ಒಲೆಯ ಕಡೆ ತಿರುಗಿದಳು. ಅಪ್ಪನ ಮಾತಿಗೆ ಎದುರು ಹೇಳುವವನು ಮನೆಯಲ್ಲಿ ತಾತನೊಬ್ಬನೇ. ನನ್ನ ಓದಿನಿಂದ ಹೆಚ್ಚು ಹಸಿದವನೂ ಅವನೇ.

"ಓದ್ ಬುಡ್ಸಕ್ಕೆ ನನ್ ಹಸ್ವ ನೆಪ ಮಾಡ್ಬ್ಯಾಡ ಕಣ್ಲಾ" ಎಂದ ತಾತ. "ದೀಪ ಹಚ್ಚೋ ಒತ್ಗೆ ನಂಗೊಂದ್ ಲೋಟ ಅಂಬ್ಲಿ ಕೊಡ್ಲಿ. ಇಟ್ಟು ಎಲ್ಲಾರೂ ಒಟ್ಗೇ ಉಣ್ಣಾವ."

"ಬಸ್ಸು ಇನ್ನೂ ತಡ ಆದ್ರೆ?" ಎಂದ ಅಪ್ಪ.

"ಇನ್ನೊಂದ್ ಲೋಟ ಕುಡೀತೀನಿ."

ಅಪ್ಪ ಎದ್ದು ಜಗಲಿಗೆ ಹೋಗಿಬಿಟ್ಟ. ಬೆಳಗ್ಗೆ ಹೆದರಿಕೊಂಡೇ ಬಸ್ಸು ಹತ್ತಿದೆ.

ಡಿಗ್ರಿ ಮುಗಿಸಿ, ಈಗ ಹುಣಸೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಎಷ್ಟೋ ದೊಡ್ಡ ಮದುವೆಗಳಲ್ಲಿ ಉಂಡಿದ್ದೇನೆ. ಆದರೆ ಊಟ ಎಂದರೆ ನನಗೆ ನೆನಪಾಗುವುದು ಹಾಗೆ ಹೆದರಿ ಬಸ್ಸು ಹತ್ತಿದ ದಿನದ ರಾತ್ರಿಯದೇ. ನಾನು ಕೈಕಾಲು ತೊಳೆದು ಬಂದಾಗ ತಟ್ಟೆಗಳೆಲ್ಲ ಸಾಲಾಗಿ ಕೂತಿದ್ದವು. ಅವ್ವ ಕೈ ಒದ್ದೆ ಮಾಡಿಕೊಂಡು ಹಬೆಯಾಡುವ ಮುದ್ದೆ ಕಟ್ಟಿ ಒಂದೊಂದಾಗಿ ಇಟ್ಟಳು. ತಾತ ತನ್ನದರಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ.

"ಅಂಬ್ಲಿ ಒಟ್ಟೆ ತುಂಬ್ಸಿಬುಟ್ಟದೆ ಕಣವ್ವ. ಓದೋಳು ನೀನು, ಉಣ್ಣು."

ಅಪ್ಪ ತಲೆ ಎತ್ತದೆ ಸಾರು ಸುರಿದುಕೊಂಡ. ಎರಡು ತುತ್ತು ಉಂಡ ಮೇಲೆ ಕೇಳಿದ, "ನಾಳೆ ಎಷ್ಟೊತ್ಗವ್ವಾ ನಿನ್ ಬಸ್ಸು?"