ಕೊಸರಿಗೆ ಹೋದ ಮೀನು

ಈಚೆಗೆ ಒಂದು ಸಂಜೆ ನಾನು ಊರಿನ ಮೂರು ಮನೆಗಳ ಬಾಗಿಲು ತಟ್ಟಿ, ಮಧ್ಯಾಹ್ನ ಒಯ್ದ ಮೀನು ವಾಪಸ್ ಕೊಡಿ ಎಂದು ಕೇಳಿದೆ. ಮಾರಿದ ಮೀನಲ್ಲ. ಕೊಸರಿಗೆ ಹಾಕಿದ ಮೀನು.

ಕೊಸರು ವಾಪಸ್ ಕೇಳಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ತೂಕ ಆದ ಮೇಲೆ ಪ್ರೀತಿಗೆ ಅಂತ ಒಂದು ಹಿಡಿ ಮೇಲೆ ಹಾಕುತ್ತೇವೆ. ಸೊಪ್ಪಿನವಳು ಹಾಕುತ್ತಾಳೆ, ಮೆಣಸಿನಕಾಯಿಯವನು ಹಾಕುತ್ತಾನೆ, ಮೀನಿನವರೂ ಹಾಕುತ್ತೇವೆ. (ಪ್ರೀತಿ ಅಂದೆ, ಅದು ಸುಳ್ಳು. ಹಾಕದಿದ್ದರೆ ಗಿರಾಕಿ ಪಕ್ಕದ ಬುಟ್ಟಿಗೆ ಹೋಗುತ್ತಾನೆ.) ಒಮ್ಮೆ ಚೀಲಕ್ಕೆ ಬಿದ್ದದ್ದು ಅವರದು. ಅದನ್ನು ವಾಪಸ್ ಕೇಳುವುದು, ಮದುವೆ ಊಟದಲ್ಲಿ ಬಡಿಸಿದ ಲಾಡನ್ನು ಎಲೆಯಿಂದ ಎತ್ತಿಕೊಂಡ ಹಾಗೆ. ನಾನು ಎತ್ತಿಕೊಂಡೆ. ಯಾಕೆ ಅಂತ ಹೇಳುತ್ತೇನೆ.

ನಮ್ಮದು ಸೂಳೆಕೆರೆ ದಂಡೆಯ ಊರು. ಗಂಡಸರು ಬಲೆ ಹಾಕುತ್ತಾರೆ. ನಾನು ಮತ್ತು ವಾರಗಿತ್ತಿ ಗಂಗಮ್ಮ, ಅಂದರೆ ನನ್ನ ಮೈದುನನ ಹೆಂಡತಿ, ಮೀನು ಮಾರುತ್ತೇವೆ. ಮನೆ ಹಿಂದಿನ ಶೆಡ್ಡಿನಲ್ಲಿ ಸಿಮೆಂಟ್ ತೊಟ್ಟಿ ಇದೆ. ಅದರಲ್ಲಿ ಗೆಂಡೆ ಮೀನಿನ ಮರಿ ಬಿಟ್ಟಿರುತ್ತೇವೆ. ಹೊಲದಲ್ಲಿ ಹೊಂಡ ತೋಡಿಸಿದವರು ಜಗಳೂರಿನಿಂದ, ಸವಳಂಗದಿಂದ ಬಂದು ಸಾಕಲಿಕ್ಕೆ ಒಯ್ಯುತ್ತಾರೆ.

ನಮ್ಮ ಬಲೆ ಬೀಳುವುದು ಹಳ್ಳದ ನೀರು ಕೆರೆಗೆ ಸೇರುವ ಬಾಯಲ್ಲಿ. ಅಲ್ಲಿ ಮೀನು ಇದ್ದರೆ ನಮ್ಮ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಈಗ ಆ ಹಳ್ಳದ ಮೇಲ್ಗಡೆ ರುದ್ರೇಶ ಅನ್ನುವವನು ಒಂದು ಶೆಡ್ ಹಾಕಿದ್ದಾನೆ. ಬಟ್ಟೆ ಒಗೆಯುವ ಪುಡಿ ಮಾಡುತ್ತಾನೆ. ನೊರೆ ಬರಲಿ ಅಂತ ಅದಕ್ಕೆ ಡ್ರಮ್ಮಿನಲ್ಲಿ ಬರುವ ಕಪ್ಪು ಪಾಕದಂಥ ಕೆಮಿಕಲ್ ಸುರಿಯುತ್ತಾನೆ. ಸ್ಲರಿ ಅನ್ನುತ್ತಾರೆ ಅದಕ್ಕೆ. ಡ್ರಮ್ಮು, ಪುಡಿ ಕಲಸುವ ಹೌದಿ ತೊಳೆದ ನೀರನ್ನು ಪೈಪ್ ಹಾಕಿ ಹಳ್ಳಕ್ಕೆ ಬಿಡುತ್ತೇನೆ ಎಂದು ಪಂಚಾಯಿತಿಯಲ್ಲಿ ಕೇಳಿದ್ದ. ಪಂಚಾಯಿತಿಯವರು ಬಿಡು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮೀನಿಗೆ ಏನಾಗುತ್ತದೆ ಅಂತ ಒಂದು ಟೆಸ್ಟ್ ಆಗಲಿ ಅಂದರು. ಯಾರನ್ನೂ ಎದುರು ಹಾಕಿಕೊಳ್ಳದೆ ಎದ್ದು ಹೋಗಲು ಟೆಸ್ಟ್‌ನಷ್ಟು ಒಳ್ಳೆಯ ಮಾತು ಇನ್ನೊಂದಿಲ್ಲ.

ಟೆಸ್ಟ್ ಮಾಡಲು ಬಂದವಳು ಶಬಾನ. ಚನ್ನಗಿರಿಯ ಹುಡುಗಿ, ಪ್ರಾಣಿಶಾಸ್ತ್ರದ ಎಂಎಸ್ಸಿ. ಅವಳಿಗೂ ಓದಿನ ಕೆಲಸಕ್ಕೆ ಇಂಥದೇ ಒಂದು ಬೇಕಿತ್ತು. ಮರಿಗಳನ್ನು ಕಾಲೇಜಿಗೆ ಬಸ್ಸಿನಲ್ಲಿ ಒಯ್ದರೆ ದಾರಿಯಲ್ಲೇ ಸಾಯುತ್ತವೆ. ಬಸ್ಸಿನಲ್ಲಿ ಸತ್ತದ್ದು ಲೆಕ್ಕಕ್ಕೆ ಬರುವುದಿಲ್ಲವಂತೆ, ಕೆಮಿಕಲ್ಲಿಗೇ ಸಾಯಬೇಕು. ಅದಕ್ಕೆ ಅವಳ ಗೈಡ್ ಸರ್, ಅಲ್ಲೇ ಮೀನಿನವರ ಶೆಡ್ಡಿನಲ್ಲಿ ಮಾಡು ಅಂದಿದ್ದರು.

ಅವಳು ಸಾಲಾಗಿ ನೀಲಿ ಟಬ್ ಇಟ್ಟಳು. ಎಲ್ಲದಕ್ಕೂ ಕೆರೆ ನೀರು. ಮೊದಲನೆಯದಕ್ಕೆ ಬರೀ ನೀರು. ಎರಡನೆಯದಕ್ಕೆ ಸ್ಲರಿ ಹನಿ, ಮುಂದಿನದಕ್ಕೆ ಇನ್ನಷ್ಟು, ಕಡೆಯದಕ್ಕೆ ಎಲ್ಲಕ್ಕಿಂತ ಹೆಚ್ಚು. ಒಂದೊಂದಕ್ಕೂ ಹತ್ತು ಮರಿ. ಗಾಳಿ ಬಿಡುವ ಸಣ್ಣ ಮೋಟಾರು. ನಾಲ್ಕು ದಿನ ಊಟವಿಲ್ಲ. ದಿನಾ ಎಣಿಸಬೇಕು, ಸತ್ತದ್ದನ್ನು ತಕ್ಷಣ ತೆಗೆಯಬೇಕು. ಇಷ್ಟೇ ಕೆಲಸ.

ಇದರಲ್ಲಿ ಪಾಸ್ ಆಗುವುದು ಹೆಂಗೆ ಅಂತ ಕೇಳಿದೆ.

"ಅರ್ಧ ಸಾಯಬೇಕು ಅಜ್ಜಿ. ಯಾವ ಟಬ್ಬಿನಾಗೆ ಅರ್ಧ ಸಾಯ್ತಾವೋ ಅದೇ ಲೆಕ್ಕ."

ಎಲ್ಲಾ ಸತ್ತರೆ? ಅದು ಜಾಸ್ತಿ ಆಯಿತು. ಒಂದೂ ಸಾಯದಿದ್ದರೆ? ಅದು ಕಡಿಮೆ ಆಯಿತು. ಬರೀ ನೀರಿನಲ್ಲಿ ಇದ್ದದ್ದು ಸತ್ತರೆ? ಆಗ ಟೆಸ್ಟೇ ದಂಡ, ಮೊದಲಿಂದ ಮಾಡಬೇಕು. ಐದು ಸತ್ತು ಐದು ಉಳಿದರೆ ಸರ್ ಸಂತೋಷಪಡುತ್ತಾರೆ. ಓದಿದವರ ಲೆಕ್ಕ ಹೀಗಿರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು.

ನನಗೆ ಮೀನಿನ ಮೇಲೆ ಕನಿಕರ ಅಂತ ನೀವು ತಿಳಿಯಬೇಡಿ. ಹುಟ್ಟಿದಾಗಿನಿಂದ ಅದರ ಹೊಟ್ಟೆ ಕೊಯ್ದವಳು ನಾನು. ನಾವು ಕೊಲ್ಲುವುದು ಸಾರಿಗೆ, ಅವಳು ಕೊಲ್ಲುವುದು ರಿಪೋರ್ಟಿಗೆ. ಮೀನಿಗೆ ಎರಡೂ ಒಂದೇ.

ಟೆಸ್ಟ್ ಶುರುವಾದ ಮಾರನೆಯ ದಿನ ಶಬಾನಳಿಗೆ ಕಾಲೇಜಿನಲ್ಲಿ ಏನೋ ಸಹಿ ಹಾಕುವುದಿತ್ತು. ನಾನು ಬಲೆ ನೂಲು ತರಲು ಹೊನ್ನಾಳಿಗೆ ಹೊರಟಿದ್ದೆ. ಟಬ್ಬುಗಳನ್ನು ಗಂಗಮ್ಮನ ಕೈಗೆ ಕೊಟ್ಟೆವು. ಸತ್ತದ್ದನ್ನು ತಕ್ಷಣ ತೆಗೀಬೇಕು ಚಿಕ್ಕಮ್ಮ, ಬಿಟ್ಟರೆ ನೀರು ಕೆಡ್ತದೆ ಎಂದು ಶಬಾನ ಎರಡೆರಡು ಸಲ ಹೇಳಿ ಬಸ್ ಹತ್ತಿದಳು. ಗಂಗಮ್ಮ ತಲೆ ಆಡಿಸಿದಳು. ಅವಳಿಗೆ ಮೀನಿನ ಕೆಲಸ ಹೇಳಿಕೊಡಬೇಕಾ?

ಸಂಜೆ ನಾನು ವಾಪಸ್ ಬಂದಾಗ ಶೆಡ್ಡಿನಲ್ಲಿ ರುದ್ರೇಶ ನಿಂತಿದ್ದ. ಮೊಬೈಲ್ ಹಿಡಿದು ಟಬ್ಬುಗಳ ಫೋಟೊ ತೆಗೆಯುತ್ತಿದ್ದ. ಕಡೆಯ ಟಬ್ಬಿನಲ್ಲೂ ಹತ್ತಕ್ಕೆ ಹತ್ತು ಮರಿ ಓಡಾಡುತ್ತಿದ್ದವು.

"ನೋಡ್ರಿ ಅಜ್ಜಿ, ಮೀನಿಗೆ ಏನೂ ಆಗಿಲ್ಲ. ಸುಮ್ನೆ ಹೆದರ್ತೀರಿ ನೀವು," ಅಂದ.

ಮಧ್ಯಾಹ್ನ ನಮ್ಮಲ್ಲೇ ಒಂದು ಕೇಜಿ ಮೀನು ಒಯ್ದೆ ಅಂತಲೂ ಹೇಳಿದ. ಫೋಟೊವನ್ನು ಅಲ್ಲೇ ನಿಂತು ಪಂಚಾಯಿತಿಯ ವಾಟ್ಸಾಪ್ ಗ್ರೂಪಿಗೆ ಹಾಕಿ, ಊಟಕ್ಕೆ ಹೊತ್ತಾಯಿತೆಂದು ಬೈಕ್ ಹತ್ತಿದ. ಅಧ್ಯಕ್ಷರು ಹೆಬ್ಬೆರಳು ಕಳಿಸಿದರಂತೆ. ನಮ್ಮ ಕಡೆ ಎಷ್ಟೋ ಕೆಲಸ ಈಗ ಹೆಬ್ಬೆರಳಿನಲ್ಲೇ ಮುಗಿಯುತ್ತವೆ. ಮೊದಲೂ ಹಾಗೇ ಮುಗಿಯುತ್ತಿದ್ದವು, ಆಗ ಇಂಕು ಬೇಕಿತ್ತು.

ನಾನು ಅಂದುಕೊಂಡೆ, ಪೈಪು ಬಂತು ಹಳ್ಳಕ್ಕೆ.

ಅಷ್ಟರಲ್ಲಿ ಶಬಾನ ಬಂದಳು. ಟಬ್ ನೋಡಿದಳು. ಅವಳ ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಬೆಳಗ್ಗೆ ಹೊರಡುವಾಗ ಕಡೆಯ ಟಬ್ಬಿನ ಮರಿಗಳು ಅಡ್ಡ ಮಲಗಿ ಬಾಯಿ ಬಿಡುತ್ತಿದ್ದವಂತೆ. ಈಗ ನೋಡಿದರೆ ಎಲ್ಲಾ ನೆಗೆಯುತ್ತಿವೆ. ಮೀನು ಸತ್ತು ಎದ್ದು ಬಂದದ್ದನ್ನು ಅವಳು ಯಾವ ಪುಸ್ತಕದಲ್ಲೂ ಓದಿಲ್ಲ.

ನಾನೂ ಓದಿಲ್ಲ. (ನಾನು ಓದಿದ್ದು ಎರಡನೇ ಕ್ಲಾಸ್.) ಗಂಗಮ್ಮನನ್ನು ಕೂಗಿದೆ.

"ಎಷ್ಟು ಸತ್ವು ಗಂಗೀ?"

"ಸತ್ವು ಒಂದಿಷ್ಟು. ತಕ್ಷಣ ತಗದೆ. ಈಕೆನೇ ಹೇಳಿದ್ಳಲ್ಲ."

"ತಗದ್ರೆ ಟಬ್ ಹೆಂಗೆ ತುಂಬೈತೆ?"

"ನಾನೇ ತುಂಬಿದೆ ಅಕ್ಕ. ತೊಟ್ಟಿಯಿಂದ ಜೀವ ಇರೋವು ಹಿಡಿದು ಬಿಟ್ಟೆ. ಜಗಳೂರಿನೋರು ಬರೋ ಹೊತ್ತು, ಅರ್ಧ ಖಾಲಿ ಟಬ್ ಇಟ್ಕಂಡು ಕೂತ್ಕಬೇಕಾ?"

ಅವಳ ಮೇಲೆ ಸಿಟ್ಟು ಮಾಡುವಂತಿಲ್ಲ. ನಮ್ಮ ವ್ಯಾಪಾರ ನಡೆಯುವುದೇ ಹಾಗೆ. ಗಿರಾಕಿಯ ಕಣ್ಣಿಗೆ ಸತ್ತ ಮರಿ ಕಾಣಬಾರದು, ಖಾಲಿ ಜಾಗವೂ ಕಾಣಬಾರದು. ಒಂದು ತೆಗೆದ ಕೈ ಒಂದು ಬಿಡುತ್ತದೆ. ಅದು ಬುದ್ಧಿಯ ಕೆಲಸವಲ್ಲ, ಕೈಯ ಕೆಲಸ. ಶಬಾನಳಿಗೂ ಬಿಡಿಸಿ ಹೇಳಬೇಕು ಅನ್ನಿಸಿರಲಿಲ್ಲ. ಸತ್ತ ಜಾಗಕ್ಕೆ ಇನ್ನೊಂದು ಬಿಡಬೇಡಿ ಅಂತ ಯಾವ ಪಾಠದಲ್ಲಿ ಹೇಳುತ್ತಾರೆ?

ಪಾಪದ ಹುಡುಗಿ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಟೆಸ್ಟ್ ಮೊದಲಿಂದ ಮಾಡಬೇಕು ಅಂದಳು. ಆಮೇಲೆ ತಲೆ ಎತ್ತಿ, ಸತ್ತ ಮೀನು ಎಲ್ಲಿ ಚಿಕ್ಕಮ್ಮ, ಅವನ್ನು ಹೂಳಬೇಕು ಅಂದಳು.

ಗಂಗಮ್ಮ ನನ್ನ ಮುಖ ನೋಡಿದಳು.

"ಕೊಸರಿಗೆ ಹಾಕಿದೆ," ಅಂದಳು. "ತಕ್ಕಡಿಗೆ ಹಾಕಿಲ್ಲ ಅಕ್ಕ. ಸತ್ತದ್ದನ್ನ ತೂಕಕ್ಕೆ ಹಾಕೋ ಪಾಪ ನಾನು ಮಾಡಲ್ಲ."

ಮಾರಿದರೆ ಪಾಪ, ಸುಮ್ಮನೆ ಕೊಟ್ಟರೆ ಪುಣ್ಯ. ಅವಳೊಬ್ಬಳೇ ಅಲ್ಲ, ನಾವೆಲ್ಲ ಹೀಗೇ. ತೂಕ ಮಾಡುವಾಗ ಮುಳ್ಳಿನ ಮೇಲೆ ಕಣ್ಣಿಟ್ಟು ನಿಲ್ಲುತ್ತೇವೆ. ಮೇಲಿಂದ ಬೀಳುವ ಹಿಡಿಯನ್ನು ಯಾರು ನೋಡುತ್ತಾರೆ? ಚೀಲದ ಬಾಯಿ ಇನ್ನೂ ಸ್ವಲ್ಪ ಅಗಲ ಮಾಡುತ್ತೇವೆ, ಅಷ್ಟೇ.

ಶಬಾನ ಗೈಡ್ ಸರ್‌ಗೆ ಫೋನ್ ಹಚ್ಚಿದಳು. ಅಷ್ಟು ಸಣ್ಣ ಮೀನಿನಿಂದ ಮನುಷ್ಯರಿಗೆ ಏನೂ ಆಗಲಿಕ್ಕಿಲ್ಲ, ಆದರೆ ಟೆಸ್ಟಿನ ಮೀನು ಯಾರ ಬಾಯಿಗೂ ಹೋಗಬಾರದು, ಈಗಲೇ ವಾಪಸ್ ತನ್ನಿ ಅಂದರಂತೆ. ಕೊಸರು ಯಾರಿಗೆ ಹಾಕಿದೆ ಅಂತ ಗಂಗಮ್ಮನಿಗೆ ಚೆನ್ನಾಗಿ ನೆನಪಿತ್ತು. ಮೂರು ಮನೆ. ಟಾರ್ಚ್ ಬೇಡದಷ್ಟು ಬೆಳಕಿತ್ತು, ನಾನೂ ಶಬಾನಳೂ ಹೊರಟೆವು.

ಮೊದಲ ಮನೆ ಟೀಚರಮ್ಮನದು. ಅವರು ಸಣ್ಣ ಮೀನು ತಿನ್ನುವುದಿಲ್ಲ, ಮುಳ್ಳಂತೆ. ಕೊಸರೆಲ್ಲ ಬೆಕ್ಕಿಗೆ. ಬೆಕ್ಕು ಗೋಣಿಚೀಲದ ಮೇಲೆ ಮಲಗಿತ್ತು. ಶಬಾನ ಅದನ್ನು ಎಬ್ಬಿಸಿ ಕಣ್ಣು ನೋಡಿದಳು, ಹೊಟ್ಟೆ ಮುಟ್ಟಿದಳು. ಬೆಕ್ಕು ಅವಳ ಕೈ ಪರಚಿತು. ಚೆನ್ನಾಗಿದೆ ಅಂದುಕೊಂಡು ಮುಂದೆ ಹೋದೆವು.

ಎರಡನೆಯದು ಬಸ್ ಓಡಿಸಿ ರಿಟೈರ್ ಆದ ಚಮನ್‌ಸಾಬರದು. ಮೀನು ತೊಳೆದು ಉಪ್ಪು ಹಚ್ಚಿ ಇಟ್ಟಿದ್ದರು. ವಾಪಸ್ ಕೊಡಿ ಅಂದರೆ ಕೊಡಲೊಲ್ಲರು. ಕೆಮಿಕಲ್ ಅಂದೆ, ಈಗ ಯಾವುದರಲ್ಲಿ ಇಲ್ಲ ಅಂದರು. ಸಾಯ್ತೀರಿ ಅಂದೆ.

"ಸಾಯೋದು ಇದ್ದೇ ಐತೆ ಬಿಡಕ್ಕ. ಕೊಟ್ಟ ಕೊಸರು ವಾಪಸ್ ಕೇಳೋದು ಮಾತ್ರ ಇವತ್ತೇ ಕೇಳಿದ್ದು."

ನಾಳೆ ಇದರ ಎರಡರಷ್ಟು ಹಾಕುತ್ತೇನೆ ಅಂದ ಮೇಲೆ ತಟ್ಟೆ ಕೈಗೆ ಬಂತು. ಉಪ್ಪಿನ ಲೆಕ್ಕ ಬೇರೆ ಹೇಳಿದರು.

ಮೂರನೆಯ ಮನೆ ರುದ್ರೇಶನದು.

ಅವನು ಲುಂಗಿ ಉಟ್ಟು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದ. ದೊಡ್ಡ ಮೀನು ಸಾರಿಗೆ ಬಿದ್ದಿತ್ತು. ಸಣ್ಣವನ್ನು ಖಾರ ಹಚ್ಚಿ ಗರಿಗರಿಯಾಗಿ ಕರಿದಿದ್ದರು. ತಟ್ಟೆಯ ಅಂಚಿನಲ್ಲಿ ತಲೆಗಳು ಬಿದ್ದಿದ್ದವು. ಬರ್ರಿ ಅಜ್ಜಿ, ಊಟ ಮಾಡ್ರಿ ಅಂದ. ಒಳ್ಳೆ ಮನುಷ್ಯನೇ. ಹೆಂಡತಿಗೆ ಇನ್ನೆರಡು ತಟ್ಟೆ ತರಲು ಹೇಳಿದ.

ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನೀನು ತಿನ್ನುತ್ತಿರುವುದು ನಿನ್ನ ಸ್ಲರಿಯಲ್ಲಿ ಸತ್ತ ಮೀನು ಅಂದೆ. ಟಬ್ಬಿನಲ್ಲಿ ನೀನು ಫೋಟೊ ತೆಗೆದದ್ದು ಬೇರೆ ಮೀನು, ಗಂಗಮ್ಮ ಆಮೇಲೆ ಬಿಟ್ಟದ್ದು ಅಂದೆ.

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ನಗಲಿಲ್ಲ. ಸುಳ್ಳು ಅನ್ನಲಿಲ್ಲ. ನನ್ನನ್ನು ಬಿಟ್ಟು ಶಬಾನಳ ಕಡೆ ತಿರುಗಿದ.

"ಯಾವ ಟಬ್ಬಿಂದಮ್ಮ? ಕಡೇದಾ?"

ಹೆಚ್ಚಾಗಿ ಕಡೆಯದೇ ಇರಬೇಕು ಅಣ್ಣ ಎಂದು ಶಬಾನ ಅಂದಳು. ಅವಳಿಗೂ ಸುತ್ತಿ ಬಳಸಿ ಬರುವುದಿಲ್ಲ. ಏನೂ ಆಗಲಿಕ್ಕಿಲ್ಲ ಅಂತ ಸರ್ ಹೇಳಿದ್ದಾರೆ ಅಂತಲೂ ಅಂದಳು. ಅಷ್ಟು ಹೊತ್ತಿಗೆ ರುದ್ರೇಶ ಹಿತ್ತಲಲ್ಲಿ ಗಂಟಲಿಗೆ ಬೆರಳು ಹಾಕಿಕೊಂಡು ಬಗ್ಗಿದ್ದ. ಆಮೇಲೆ ಅದೇ ಲುಂಗಿಯಲ್ಲಿ ಬೈಕ್ ಹತ್ತಿ ಚನ್ನಗಿರಿ ಆಸ್ಪತ್ರೆಗೆ ಹೋದ. ಡಾಕ್ಟರ್ ನೋಡಿ, ಏನಿಲ್ಲ, ನೀರು ಕುಡಿ ಅಂದು ಕಳಿಸಿದರಂತೆ. ಯಾವ ನೀರು ಅಂತ ಕೇಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ.

ಉಳಿದ ಮೀನನ್ನು ಬೇವಿನ ಮರದ ಕೆಳಗೆ ಗುಂಡಿ ತೋಡಿ ಹೂತೆವು. ಕರಿದದ್ದನ್ನೂ. ಗಂಗಮ್ಮ ಎಣ್ಣೆ ದಂಡವಾಯಿತು ಅಂದಳು.

ಟೆಸ್ಟ್ ಮತ್ತೆ ನಡೆಯಿತು. ಹೊಸ ಟಬ್, ಹೊಸ ನೀರು, ಹೊಸ ಮರಿ. ಈ ಸಲ ಶಬಾನ ಎಲ್ಲಿಗೂ ಹೋಗಲಿಲ್ಲ, ಶೆಡ್ಡಿನಲ್ಲೇ ಚಾಪೆ ಹಾಸಿದಳು. ಗಂಗಮ್ಮ ದಿನಾ ಬಾಗಿಲ ತನಕ ಬಂದು, ಖಾಲಿಯಾಗುತ್ತಿದ್ದ ಟಬ್ ನೋಡಿ, ಕೈ ಹಿಸುಕಿಕೊಂಡು ಹೋಗುತ್ತಿದ್ದಳು. ರುದ್ರೇಶನ ಹೌದಿಯಿಂದ ಬರುವಷ್ಟೇ ಗಟ್ಟಿ ನೀರಿನ ಟಬ್ಬಿನಲ್ಲಿ ಬೆಳಗಾಗುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಅದಕ್ಕಿಂತ ಎಷ್ಟೋ ತಿಳಿ ಮಾಡಿದ ಟಬ್ಬಿನಲ್ಲಿ ಅರ್ಧ ಸತ್ತವು. ಬರೀ ನೀರಿನವು ಎಲ್ಲಾ ಬದುಕಿದವು. ಸರ್‌ಗೆ ಸಂತೋಷವಾಯಿತು.

ಮೊನ್ನೆ ಪಂಚಾಯಿತಿಯಲ್ಲಿ ಸಭೆ. ಶಬಾನ ನಿಂತುಕೊಂಡು ಎಲ್ಲಾ ಹೇಳಿದಳು. ಒಬ್ಬರು ಮೊಬೈಲ್ ನೋಡುತ್ತಿದ್ದರು, ಒಬ್ಬರು ಕಿಟಕಿ ನೋಡುತ್ತಿದ್ದರು. ಅಧ್ಯಕ್ಷರು ರುದ್ರೇಶನನ್ನು ನಿನ್ನದೇನಪ್ಪ ಅಂದರು. ಅವನು ಚೆನ್ನಾಗಿ ಮಾತಾಡುತ್ತಾನೆ. ಮೀನಿನ ಕಿವಿರು ಬಹಳ ಮೆತ್ತಗೆ, ಅದಕ್ಕೆ ಸೋಪಿನ ನೀರೂ ತಡೆಯುವುದಿಲ್ಲ, ಮನುಷ್ಯರಿಗೆ ಇದರಿಂದ ಏನೂ ಇಲ್ಲ, ದಿನಾ ಬಟ್ಟೆ ಒಗೆಯುತ್ತೀರಲ್ಲ, ಡಾಕ್ಟರೇ ಹೇಳಿದ್ದಾರೆ ಅಂದ. ಕಿಟಕಿ ನೋಡುತ್ತಿದ್ದವರು ತಲೆ ಆಡಿಸಿದರು. ಅಧ್ಯಕ್ಷರ ಕೈ ಪೆನ್ನಿನ ಹತ್ತಿರ ಹೋಯಿತು.

ನಾನು ಎದ್ದು ನಿಂತೆ. ಮನುಷ್ಯರಿಗೆ ಏನೂ ಇಲ್ಲ ಅಂದರೆ ಅವತ್ತು ಊಟ ಬಿಟ್ಟು, ಲುಂಗಿಯಲ್ಲೇ ಚನ್ನಗಿರಿಗೆ ಯಾಕೆ ಹೋದೆಯಪ್ಪ ಅಂತ ಕೇಳಿದೆ. ಜಗಳಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯಲಿ ಅಂತ ಕೇಳಿದೆ.

ಮೊಬೈಲ್ ನೋಡುತ್ತಿದ್ದವರು ಮೊಬೈಲ್ ಕೆಳಗಿಟ್ಟರು.

"ಅದು... ಒಂದು ಸೇಫ್ಟಿಗೆ ಹೋಗಿದ್ದೆ ಅಜ್ಜಿ," ಅಂದ ರುದ್ರೇಶ.

ಸರಿ. ನಮ್ಮ ಕೆರೆಗೂ ಅಷ್ಟೇ ಸೇಫ್ಟಿ ಸಾಕು, ಜಾಸ್ತಿ ಏನೂ ಬೇಡ ಅಂತ ಬರೆದುಕೊಳ್ಳಿ ಅಂದೆ.