ಬಿಸಿಲಿಗಿಟ್ಟ ತೋಟಾಗಳು

ವಲೇರಿಯನ್ ಸಿಕ್ವೇರಾ ನಮ್ಮ ಪಕ್ಕದ ಫ್ಲಾಟಿನವರು. ದೋಹಾದ ಬಿನ್ ಮಹಮೂದಿನ ಈ ಹಳೆಯ ಕಟ್ಟಡದಲ್ಲಿ ಅವರ ಕೆಲಸ ಏನೆಂದು ಸರಿಯಾಗಿ ತಿಳಿದವರು ಕಡಿಮೆ. ಕೇಳಿದವರಿಗೆ ಅವರು ಒಂದು ಅರಬಿ ಮನೆಯಲ್ಲಿ ಮೆಕ್ಯಾನಿಕ್ ಎಂದಷ್ಟೇ ಹೇಳುತ್ತಿದ್ದರು. ಅದು ಸುಳ್ಳಲ್ಲ. ಆದರೆ ಅವರು ನೋಡಿಕೊಳ್ಳುತ್ತಿದ್ದದ್ದು ಕಾರುಗಳನ್ನಲ್ಲ, ಕೋವಿಗಳನ್ನು. ಇಲ್ಲಿ ಬರೆದಿರುವುದರಲ್ಲಿ ಸ್ವಲ್ಪ ಅವರೇ ಹೇಳಿದ್ದು. ಉಳಿದದ್ದನ್ನು ಅವರ ಹೆಂಡತಿ ಬೆನಿಟಾ ಆಂಟಿಯೂ ಆ ಅರಬಿ ಮನೆಯ ಡ್ರೈವರ್ ಯಜ್ಞೇಶಣ್ಣನೂ ಹೇಳಿದರು. ಇಬ್ಬರ ಮಾತು ಹೊಂದದ ಕಡೆ ಯಜ್ಞೇಶಣ್ಣನ ಮಾತನ್ನು ಇಟ್ಟುಕೊಂಡಿದ್ದೇನೆ, ಏಕೆಂದರೆ ಆ ದಿನ ಅಲ್ಲಿದ್ದವರು ಅವರು.

ಕಾರ್ಕಳದಲ್ಲಿ ವಲೇರಿಯನ್ ಅವರ ತಂದೆಗೆ ಕೋವಿ ರಿಪೇರಿಯ ಅಂಗಡಿ ಇತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದವರ ಒಂಟಿನಳಿಗೆ, ಜೋಡುನಳಿಗೆ ಕೋವಿಗಳು ಅಲ್ಲಿಗೆ ಬರುತ್ತಿದ್ದವು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿದ ಕೋವಿಗಳು ಮೂಲೆಯಲ್ಲಿ ಬಿದ್ದು ತುಕ್ಕು ಹಿಡಿದು ಮರಳಿದ ಮೇಲಂತೂ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಮ್ಮೆ ಒಬ್ಬ ಮನುಷ್ಯ ಮುಖದ ಅರ್ಧಕ್ಕೆ ಬೈರಾಸು ಸುತ್ತಿಕೊಂಡು, ಬಾಳೆದಿಂಡಿನ ಸಿಪ್ಪೆಯಂತೆ ಸೀಳಿಹೋದ ನಳಿಗೆಯನ್ನು ತಂದು ಮೇಜಿನ ಮೇಲಿಟ್ಟನಂತೆ. ತೋಟಾಕ್ಕೆ ತಾನೇ ಮದ್ದು ತುಂಬಿಸಿಕೊಂಡವನು ಅವನು. ಇದು ರಿಪೇರಿ ಆಗುತ್ತದೆಯೇ ಎಂದು ಕೇಳಿದನಂತೆ. ತಂದೆ ನಳಿಗೆಯನ್ನು ನೋಡಲಿಲ್ಲ, ಬೈರಾಸನ್ನೇ ನೋಡುತ್ತಿದ್ದರು ಎಂದು ವಲೇರಿಯನ್ ಹೇಳಿದ್ದು ನನಗೆ ನೆನಪಿದೆ.

ಅವರು ಲೇತ್ ಕೆಲಸ ಕಲಿತು ದೋಹಾಕ್ಕೆ ಬಂದು ಇಂಡಸ್ಟ್ರಿಯಲ್ ಏರಿಯಾದ ಒಂದು ವರ್ಕ್‌ಶಾಪಿಗೆ ಸೇರಿದರು. ಅಲ್ಲಿಗೆ ಒಬ್ಬ ಹಿರಿಯ ಅರಬಿ ತನ್ನ ಬೇಟೆ ಕೋವಿಯ ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಪ್ರತಿ ಗುಂಡಿಗೂ ಕೈಯಿಂದ ಹಿಂದೆ ಎಳೆದು, ಮುಂದೆ ತಳ್ಳಿ, ನಳಿಗೆಯ ಹಿಂಬಾಗಿಲನ್ನು ಮುಚ್ಚುವ ಉಕ್ಕಿನ ದಂಡ ಅದು. ವಲೇರಿಯನ್ ಅದನ್ನು ಸರಿಮಾಡಿಕೊಟ್ಟ ಮೇಲೆ ಆ ಹಿರಿಯರು ಅವರನ್ನು ತಮ್ಮ ಮನೆಗೇ ಕರೆದುಕೊಂಡರು. ಘರಾಫಾದ ಆ ಮನೆಯ ಹಿತ್ತಲಲ್ಲಿ ಅವರಿಗೊಂದು ಏಸಿ ಕೋಣೆ, ಒಂದು ಮೇಜು, ಒಂದು ತಕ್ಕಡಿ. ಕೆಲಸದವರೆಲ್ಲ ಹಿರಿಯರನ್ನು ಬಾಬಾ ಕಬೀರ್ ಎನ್ನುತ್ತಿದ್ದರು. ಅವರ ಮಗ ಮುಬಾರಕ್ ಆಗ ಶಾಲೆಗೆ ಹೋಗುವ ಹುಡುಗ. ಅವನಿಗೆ ಗುರಿ ಹಿಡಿಯಲು, ಉಸಿರು ಅರ್ಧ ಬಿಟ್ಟು ನಿಲ್ಲಿಸಲು ಕಲಿಸಿದವರು ವಲೇರಿಯನ್. ಬೆನಿಟಾ ಆಂಟಿಗೆ ಮಕ್ಕಳಿಲ್ಲ. ಮುಬಾರಕನಿಗೆ ಜ್ವರ ಬಂದರೆ ಈ ಫ್ಲಾಟಿನಲ್ಲಿ ಜಪಸರ ಹೊರಗೆ ಬರುತ್ತಿತ್ತು ಎಂದು ಅವರೇ ನಕ್ಕು ಹೇಳುತ್ತಾರೆ.

ಮುಬಾರಕ್ ದೊಡ್ಡವನಾದ ಮೇಲೆ ಪ್ರತಿ ವರ್ಷ ಮಧ್ಯ ಏಷ್ಯಾದ ಪರ್ವತಗಳಿಗೆ ಕಾಡುಮೇಕೆಯ ಬೇಟೆಗೆ ಹೋಗತೊಡಗಿದ. ಅಷ್ಟು ಎತ್ತರ ಹತ್ತಲು ಹೆಗಲಿಗೆ ಭಾರವಾಗದ ಕೋವಿ ಬೇಕು. 2005ರಲ್ಲಿ ಅವನು ತರಿಸಿದ ಹೊಸ ಕೋವಿ ಒಂದು ಕೈಯಲ್ಲಿ ಛತ್ರಿಯಂತೆ ಹಿಡಿಯುವಷ್ಟು ಹಗುರ. ವಲೇರಿಯನ್‌ಗೆ ಅದು ಮೊದಲ ದಿನದಿಂದಲೇ ಇಷ್ಟವಾಗಲಿಲ್ಲ. ತೆಳ್ಳಗಿನ ನಳಿಗೆ ಪ್ರತಿ ಗುಂಡಿಗೂ ಬೆತ್ತದಂತೆ ನಡುಗುತ್ತದೆ, ಎರಡು ಗುಂಡಿಗೆ ಕಾದುಬಿಡುತ್ತದೆ, ಮೂರನೆಯದು ಎಲ್ಲಿಗೋ ಹೋಗುತ್ತದೆ. ಅವರು ಆ ಚಳಿಗಾಲವೆಲ್ಲ, ಇಲ್ಲಿ ವಾರದ ರಜೆಯಾದ ಶುಕ್ರವಾರ ನಡೆಯುವ ಬಲಿಪೂಜೆ ತಪ್ಪಿಸಿ, ಶಮಾಲ್ ರಸ್ತೆಯ ಕಡೆ ಇರುವ ಆ ಮನೆಯವರ ಮಜ್ರಾಕ್ಕೆ, ಅಂದರೆ ತೋಟದ ಮನೆಗೆ, ಹೋಗಿ ಕೂತರು. ತೋಟಾಕ್ಕೆ ಮದ್ದನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡಿ ತುಂಬಿಸುವುದು, ಹಾರಿಸುವುದು, ನಳಿಗೆ ತಣಿಯುವವರೆಗೆ ಕಾಯುವುದು. ನಳಿಗೆಯ ಮುಂದೆ ಒಂದು ಪೆಟ್ಟಿಗೆ ಇಡುತ್ತಿದ್ದರು. ಗುಂಡು ಅದರ ಮೇಲೆ ಹಾದುಹೋದರೆ ಸೆಕೆಂಡಿಗೆ ಎಷ್ಟು ಅಡಿ ವೇಗ ಎಂಬ ಅಂಕಿ ಬರುತ್ತದೆ. ಕೊನೆಗೆ ಆ ಕೋವಿಗೆ ಏನು ಬೇಕೆಂದು ಅವರಿಗೆ ಗೊತ್ತಾಯಿತು. ವೇಗ ಎರಡು ಸಾವಿರದ ಒಂಬೈನೂರರ ಆಸುಪಾಸಿನಲ್ಲಿದ್ದಾಗ ಮೂರು ಗುಂಡುಗಳೂ ಐವತ್ತು ದಿರ್ಹಮಿನ ಒಂದು ನಾಣ್ಯದಡಿ ಮುಚ್ಚಿಹೋಗುವಂತೆ ಬೀಳುತ್ತಿದ್ದವು. ವೇಗ ಹೆಚ್ಚಿಸಿದರೆ ಅಂಗೈಯಗಲ ಚದುರುತ್ತಿದ್ದವು.

ಮುಬಾರಕನಿಗೆ ಇದು ಸಾಕಾಗಲಿಲ್ಲ. ಅವನ ಚಿಕ್ಕಪ್ಪನ ಮಗ ಗಾನಿಮ್ ಅದೇ ಅಳತೆಯ ಇನ್ನೊಂದು ಕೋವಿ ತರಿಸಿದ್ದ. ಅದರ ಅಂಕಿ ಮೂರು ಸಾವಿರದ ಇನ್ನೂರು. ಗಂಡಸರು ಸೇರುವ ಮಜ್ಲಿಸ್‌ನಲ್ಲಿ ಕೂತಾಗ ಗುಂಡು ಎಲ್ಲಿ ಬಿತ್ತು ಎಂದು ಯಾರೂ ಕೇಳುವುದಿಲ್ಲ, ಅಂಕಿ ಎಷ್ಟು ಎಂದು ಕೇಳುತ್ತಾರೆ. ವಲೇರಿಯನ್ ಬಹಳ ದಿನ ಒಪ್ಪಲಿಲ್ಲ. ಮೇಕೆ ಸಾಯುವುದು ಅಂಕಿಯಿಂದಲ್ಲ, ಗುಂಡು ಬೀಳುವ ಜಾಗದಿಂದ ಎಂದು ಹೇಳಿ ನೋಡಿದರು. ಆಮೇಲೆ ಒಂದು ಕರಾರಿನ ಮೇಲೆ ಒಪ್ಪಿದರು. ವೇಗದ ತೋಟಾಗಳನ್ನು ಒಂದು ಕೆಂಪು ಪೆಟ್ಟಿಗೆಯಲ್ಲಿ ಬೇರೆಯೇ ಮಾಡಿಕೊಡುತ್ತೇನೆ, ಅದನ್ನು ಪರ್ವತದ ಚಳಿಯಲ್ಲಿ ಮಾತ್ರ ತೆರೆಯಬೇಕು, ದೋಹಾದಲ್ಲಿ ಬೇಡ. ಮದ್ದು ಬಿಸಿಯಾದರೆ ಬೇಗ ಉರಿಯುತ್ತದೆ, ಬೇಗ ಉರಿದರೆ ಒತ್ತಡ ಏರುತ್ತದೆ. ಜನವರಿಯ ಬೆಳಿಗ್ಗೆ ತಡೆದ ಉಕ್ಕು ಬೇಸಿಗೆಯಲ್ಲಿ ತಡೆಯಬೇಕೆಂದಿಲ್ಲ. ಬೋಲ್ಟಿನ ಹಿಂದೆ, ಗೇಣು ದೂರವೂ ಇಲ್ಲದಷ್ಟು ಹತ್ತಿರ, ಹಾರಿಸುವವನ ಕಣ್ಣಿರುತ್ತದೆ. ಮುಬಾರಕ್ ಸರಿ ಎಂದ. ಆ ಪೆಟ್ಟಿಗೆಯನ್ನು ತುಂಬಿಸಿ ಮುಗಿಸಿದ ರಾತ್ರಿ ವಲೇರಿಯನ್ ಊಟ ಬಿಟ್ಟರು ಎಂದು ಬೆನಿಟಾ ಆಂಟಿ ಹೇಳುತ್ತಾರೆ.

2006ರ ಸೆಪ್ಟೆಂಬರ್, ರಂಜಾನಿಗೆ ಮುಂಚೆ. ಏಷ್ಯನ್ ಗೇಮ್ಸ್‌ಗಾಗಿ ದೋಹಾದ ರಸ್ತೆಗಳನ್ನೆಲ್ಲ ಅಗೆದಿದ್ದರು. ಪರ್ವತಕ್ಕೆ ಹೊರಡುವ ಮುನ್ನ ಕೋವಿಯ ಮೇಲಿನ ದುರ್ಬೀನು ಸರಿಯಾಗಿ ಕೂತಿದೆಯೇ ಎಂದು ನೋಡಲು ಮುಬಾರಕ್, ವಲೇರಿಯನ್ ಮತ್ತು ಯಜ್ಞೇಶಣ್ಣನನ್ನು ಕರೆದುಕೊಂಡು ಮಜ್ರಾಕ್ಕೆ ಹೋದ. ಗಾನಿಮ್ ಕೂಡ ಬಂದಿದ್ದ. ವಲೇರಿಯನ್ ತಂದದ್ದು ನಿಧಾನದ ತೋಟಾಗಳನ್ನು. ಕೆಂಪು ಪೆಟ್ಟಿಗೆಯನ್ನು ಕೋಣೆಯಿಂದ ತಂದವನು ಮುಬಾರಕ್, ತನ್ನ ಐಸ್ ಪೆಟ್ಟಿಗೆಯಲ್ಲಿ, ನೀರಿನ ಬಾಟಲಿಗಳ ನಡುವೆ. ವಲೇರಿಯನ್‌ಗೆ ಅದು ಗೊತ್ತಿರಲಿಲ್ಲ. ಅವರು ಗುರಿಹಲಗೆ ನೆಡಲು ಮರಳಿನ ದಿಬ್ಬದ ಕಡೆ ನಡೆದುಹೋಗಿದ್ದರು.

ಆ ದಿನ ಗಾಳಿಯಲ್ಲೇ ನೀರಿತ್ತು. ಕನ್ನಡಕ ಮಂಜಾಗುವಂಥ ಸೆಕೆ. ಮುಬಾರಕ್ ಕೆಂಪು ಪೆಟ್ಟಿಗೆಯನ್ನು ತೆಗೆದು ಯಜ್ಞೇಶಣ್ಣನ ಕೈಗೆ ಕೊಟ್ಟ. ಯಜ್ಞೇಶಣ್ಣ ಕಾರ್ಕಳದ ಹತ್ತಿರದ ಬೆಳ್ಮಣಿನವರು. ಅವರ ಮನೆಯಲ್ಲೂ ಹಂದಿ ಓಡಿಸುವ ಕೋವಿ ಇತ್ತು. ಮಳೆಗಾಲದಲ್ಲಿ ಬಿಸಿಲು ಕಂಡ ಕೂಡಲೇ ಹಪ್ಪಳದ ಜೊತೆ ತೋಟಾಗಳನ್ನೂ ಅಂಗಳದಲ್ಲಿ ಹರಡುವುದು ಅಲ್ಲಿಯ ಅಭ್ಯಾಸ. ಒದ್ದೆಯಾದ ತೋಟಾ ಎಂದರೆ ಎದುರಿಗೆ ಹಂದಿ ನಿಂತಾಗ ಕೈಕೊಡುವ ತೋಟಾ. ಇಲ್ಲಿ ಮುಚ್ಚಳ ತೆಗೆದು ನೋಡಿದರೆ, ಐಸಿನಿಂದ ಹೊರಬಂದ ಹಿತ್ತಾಳೆಯ ಮೇಲೆಲ್ಲ ನೀರಿನ ಹನಿ. ಯಜ್ಞೇಶಣ್ಣ ಯಾರನ್ನೂ ಕೇಳಲಿಲ್ಲ, ಕೇಳುವಂಥದ್ದು ಏನೂ ಅವರಿಗೆ ಕಾಣಲಿಲ್ಲ. ಲ್ಯಾಂಡ್ ಕ್ರೂಸರಿನ ಬಾನೆಟ್ಟಿನ ಮೇಲೆ ಕಪ್ಪು ಬಟ್ಟೆ ಹಾಸಿ, ಒಂದಕ್ಕೊಂದು ತಾಗದಂತೆ ತೋಟಾಗಳನ್ನು ಜೋಡಿಸಿ, ನೆರಳಿಗೆ ಹೋಗಿ ಕೂತರು. ಒಳ್ಳೆಯ ಕೆಲಸ ಮಾಡಿದೆ ಎಂದೇ ಅಂದುಕೊಂಡಿದ್ದೆ ಎಂದು ಅವರು ನನಗೆ ಎರಡು ಸಲ ಹೇಳಿದರು.

ವಲೇರಿಯನ್ ಮರಳಿ ಬಂದಾಗ ಬಾನೆಟ್ಟಿನ ಮೇಲೆ ಹಿತ್ತಾಳೆ ಹೊಳೆಯುತ್ತಿತ್ತು. ಒಂದನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡರು.

"ಇದನ್ನು ಇಲ್ಲಿ ಇಟ್ಟದ್ದು ಯಾರು?"

"ನಾನೇ ಪೊರ್ಬುಗಳೇ," ಎಂದರು ಯಜ್ಞೇಶಣ್ಣ. ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಅವರು ಕರೆಯುತ್ತಿದ್ದರು. "ತೆಗೆದರೆ ಪೂರಾ ಚಂಡಿ, ನೀರು ಇಳಿಯುತ್ತಿತ್ತು. ಚಂಡಿ ತೋಟೆ ಹೊಟ್ಟುತ್ತದಾ? ಈಗ ನೋಡಿ, ಒಣಗಿ ಕಡಕ್ ಆಗಿದೆ."

"ಇದರಿಂದ ಯಾರಾದರೂ ತೆಗೆದಿದ್ದಾರಾ?"

ಯಜ್ಞೇಶಣ್ಣ ಉತ್ತರ ಕೊಡುವ ಮೊದಲೇ ಸದ್ದು ಕೇಳಿತು. ಅದು ಮಾಮೂಲಿ ಸದ್ದಲ್ಲ, ತಗಡು ಹರಿದ ಹಾಗಿತ್ತು ಎನ್ನುತ್ತಾರೆ ಅವರು.

ಮುಬಾರಕ್ ಮೇಜಿನ ಹಿಂದೆ ಕೂತು ನಗುತ್ತಿದ್ದ. ವೇಗ ಅಳೆಯುವ ಪೆಟ್ಟಿಗೆಯ ಅಂಕಿ ಮೂರು ಸಾವಿರದ ಮುನ್ನೂರನ್ನು ದಾಟಿತ್ತು. ಗಾನಿಮ್ ಸಿಳ್ಳೆ ಹೊಡೆದ. ಅಲ್ಲಿದ್ದವರೆಲ್ಲ ಬಗ್ಗಿ ಬಗ್ಗಿ ಆ ಅಂಕಿಯನ್ನೇ ನೋಡುತ್ತಿದ್ದರು. ಅದು ಬರಬಾರದ ಅಂಕಿ, ತಾನು ತುಂಬಿಸಿದ ಮದ್ದು ಕೊಡಲಾರದ ಅಂಕಿ ಎಂದು ಗೊತ್ತಿದ್ದವರು ವಲೇರಿಯನ್ ಒಬ್ಬರೇ. ಮುಬಾರಕ್ ಬೋಲ್ಟ್ ಎತ್ತಿದರೆ ಅದು ಏಳಲಿಲ್ಲ. ಅಂಗೈಯಿಂದ ಗುದ್ದಿದ ಮೇಲೆ ತೆರೆಯಿತು. ಖಾಲಿ ಹಿತ್ತಾಳೆ ಮರಳಿನ ಮೇಲೆ ಬಿತ್ತು. ವಲೇರಿಯನ್ ಎತ್ತಿ ನೋಡಿದರು. ಹಿಂಬದಿಯಲ್ಲಿ ಕಿಡಿ ಹೊತ್ತಿಸುವ ಕೇಪು ಒತ್ತಿ ಚಪ್ಪಟೆಯಾಗಿ ಅದರ ಅಂಚೇ ಕಾಣುತ್ತಿರಲಿಲ್ಲ, ಸುತ್ತಲೂ ಮಸಿ. ಉರಿದ ಮದ್ದಿನ ಗಾಳಿ ಹಿಂದಕ್ಕೂ ನುಗ್ಗಿದೆ ಎಂದರ್ಥ. ಕೋವಿಯಲ್ಲಿ ಇನ್ನೂ ಎರಡು ತೋಟಾ ಇದ್ದವು.

ಇವತ್ತು ಸಾಕು, ಇದು ಪರ್ವತದ್ದು, ಬಿಸಿಯಾಗಿದೆ ಎಂದು ಅವರು ಹೇಳಿದರು. ಮುಬಾರಕ್ ಜನವರಿಯಿಂದ ಕೇಳುತ್ತಿರುವ ಮಾತಿಗೆ ತಲೆಯಾಡಿಸುವಂತೆ ಆಡಿಸಿದ.

ಗಾನಿಮ್ ಹೇಳಿದ, "ತಾನು ಮಾಡಿದ ಅನ್ನಕ್ಕೆ ತಾನೇ ಹೆದರುವ ಅಡುಗೆಯವನನ್ನು ನಿಮ್ಮ ಮನೆಯಲ್ಲೇ ನೋಡಿದ್ದು, ಮುಬಾರಕ್. ಯಲ್ಲಾ, ಇನ್ನೊಂದು."

ಮುಬಾರಕ್ ಬೋಲ್ಟನ್ನು ಮುಂದೆ ತಳ್ಳಿದ. ಕೆನ್ನೆಯನ್ನು ಕೋವಿಯ ಮರಕ್ಕೆ ಒತ್ತಿದ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿದ.

ಬಿಸಿಲಿನ ಮಾತಿಗೆ ಅವನು ನಿಲ್ಲುವುದಿಲ್ಲ ಎಂದು ವಲೇರಿಯನ್‌ಗೆ ಗೊತ್ತಾಯಿತು. ಕೋವಿಗೆ ಕೈ ಹಾಕಿ ಎಳೆದರೆ ಅವನ ಬೆರಳು ಟ್ರಿಗರನ್ನು ಒತ್ತಿಬಿಡಬಹುದು. ಅವರು ನಿಂತಲ್ಲಿಂದಲೇ, ಸ್ವರ ಏರಿಸದೆ ಹೇಳಿದರು.

"ಮುಬಾರಕ್, ನನ್ನಿಂದ ತಪ್ಪಾಗಿದೆ. ಈ ಪೆಟ್ಟಿಗೆಯಲ್ಲಿ ಮದ್ದು ಹೆಚ್ಚಿದೆ. ತಕ್ಕಡಿ ನೋಡದೆ ತುಂಬಿಸಿದ್ದೇನೆ."

ಅವನು ಕೆನ್ನೆ ಎತ್ತಿದ. ಬೆರಳು ಹೊರಗೆ ಬಂತು. ಅವರ ಕಡೆ ತಿರುಗಿದ.

"ನನ್ನ ಮುಖದ ಮುಂದೆ ಇಡುವುದನ್ನು, ನೀನು, ನೋಡದೆ ತುಂಬಿಸಿದೆಯಾ?"

"ಹೌದು."

"ಖಲಾಸ್," ಎಂದು ಮುಬಾರಕ್ ಕೋವಿಯನ್ನು ಮೇಜಿನ ಮೇಲಿಟ್ಟು ಎದ್ದುಹೋದ.

ನಿಜ ಹೇಳುತ್ತೇನೆ ಎಂದು ಯಜ್ಞೇಶಣ್ಣ ಹೊರಟಾಗ ವಲೇರಿಯನ್ ತಡೆದರು. ಹರಡಿದವರು ನೀವಿರಬಹುದು, ಹರಡಿದರೆ ಕೊಲ್ಲುವಂಥದ್ದನ್ನು ಮಾಡಿಕೊಟ್ಟವನು ನಾನು ಎಂದರಂತೆ. ಬಾಬಾ ಕಬೀರ್ ಬೈಯಲಿಲ್ಲ. ಕೋಣೆಯ ಕೀಲಿಕೈ ಕೇಳಿದರು. ಅದನ್ನು ಕೊಡುವ ಮೊದಲು ಆ ಕೆಂಪು ಪೆಟ್ಟಿಗೆಯ ತೋಟಾಗಳನ್ನು ಬಿಚ್ಚಿ ನಾಶ ಮಾಡಿಹೋಗು ಎಂದರು, ಹಳೆಯ ವರ್ಕ್‌ಶಾಪಿಗೆ ಮರಳಲು ಬೇಕಾದ ಕಾಗದಕ್ಕೆ ಸಹಿ ಹಾಕಿದರು. ಅವರ ದಯೆಯೇ ವಲೇರಿಯನ್‌ಗೆ ಹೆಚ್ಚು ನೋವು ಕೊಟ್ಟಿತು ಎಂದು ಬೆನಿಟಾ ಆಂಟಿ ಹೇಳುತ್ತಾರೆ.

ತೋಟಾಗಳನ್ನು ಒಂದೊಂದಾಗಿ ಬಿಚ್ಚುವಾಗ ಲೆಕ್ಕ ಕಡಿಮೆ ಬಂತು. ಯಜ್ಞೇಶಣ್ಣನನ್ನು ಕೇಳಿದರು. ಅವರು ನೆನಪಿಸಿಕೊಂಡು ಹೇಳಿದರು: ಅಂಕಿ ಬಂದ ಗದ್ದಲದಲ್ಲಿ ಗಾನಿಮ್ ಬಾನೆಟ್ಟಿನಿಂದ ಒಂದು ಹಿಡಿ ಎತ್ತಿ ಜೇಬಿಗೆ ಹಾಕಿಕೊಂಡಿದ್ದ. ಅವನ ಕೋವಿಗೂ ಅದೇ ತೋಟಾ ಹೊಂದುತ್ತದೆ.

ವಲೇರಿಯನ್ ಗಾನಿಮನ ಮನೆಯ ಗೇಟಿನ ಹೊರಗೆ ಕಾದು ನಿಂತು ಅವನನ್ನು ಹಿಡಿದರು. ಅವನು ಕಾರಿಗೆ ಒರಗಿ ಕೇಳಿಸಿಕೊಂಡ.

"ನೀನು ತಕ್ಕಡಿ ನೋಡದೆ ತುಂಬಿಸುವವನೇ? ಆ ಮಾತನ್ನು ಮುಬಾರಕ್ ನಂಬಿದ. ನಾನು ನಂಬಲಿಲ್ಲ. ನನಗೆ ಆ ಅಂಕಿ ಸಿಗಬಾರದು ಅಂತ ತಾನೆ?"

ಬೇರೆ ದಾರಿ ಕಾಣದೆ ವಲೇರಿಯನ್ ನಿಜವನ್ನೇ ಹೇಳಿದರು. ತೂಕ ಸರಿಯಿತ್ತು. ಬಿಸಿಲಿಗಿಟ್ಟದ್ದರಿಂದ ಮದ್ದು ಕಾದು ಹಾಗಾಯಿತು. ದಯವಿಟ್ಟು ವಾಪಸು ಕೊಡು, ಇಲ್ಲದಿದ್ದರೆ ಪರ್ವತದ ಹಿಮದಲ್ಲೇ ಹಾರಿಸಿ ಮುಗಿಸಿಬಿಡು.

ಗಾನಿಮ್ ಯೋಚಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಪಾಠ ಅರ್ಥವಾದ ಹುಡುಗನ ಸಂತೋಷವಿತ್ತು.

"ಅಂದರೆ ಕಾದಷ್ಟೂ ಅಂಕಿ ಹೆಚ್ಚು," ಎಂದ. "ಶುಕ್ರನ್, ದೊಡ್ಡ ಉಪಕಾರ. ಹಿಮಕ್ಕೆ ಯಾಕೆ ಒಯ್ಯಲಿ? ಬೇಸಿಗೆಗೆ ಇಡುತ್ತೇನೆ."

ಬೇಟೆಯವರು ಪರ್ವತಕ್ಕೆ ಹೋದರು, ಬಂದರು. ಗಾನಿಮ್ ಅಲ್ಲಿ ಆ ತೋಟಾಗಳನ್ನು ಮುಟ್ಟಲಿಲ್ಲ. ವಲೇರಿಯನ್ ಬಾಬಾ ಕಬೀರ್‌ಗೆ ಹೇಳಲು ಹೋದಾಗ ಕಾವಲಿನವನು ಗೇಟು ತೆರೆಯಲಿಲ್ಲ. ವಲೇರಿಯನ್ ಮಾಡಿದ ಫೋನನ್ನು ಮುಬಾರಕ್ ಎತ್ತುವುದಿಲ್ಲ. ಯಜ್ಞೇಶಣ್ಣ ಹೇಳಿದ್ದಕ್ಕೆ, ತಕ್ಕಡಿ ನೋಡದವನ ಮಾತು ನನ್ನ ಹತ್ತಿರ ತರಬೇಡ ಎಂದನಂತೆ.

ಈಗ ಜೂನ್. ನಮ್ಮ ಬಾಲ್ಕನಿಯ ಕಬ್ಬಿಣದ ಕಂಬಿಯನ್ನು ಮಧ್ಯಾಹ್ನ ಮುಟ್ಟಲಾಗುವುದಿಲ್ಲ. ವಲೇರಿಯನ್ ಪ್ರತಿ ಶುಕ್ರವಾರ ಪೂಜೆ ಮುಗಿಸಿ ಬಂದು ಬಟ್ಟೆ ಬದಲಿಸುವ ಮೊದಲೇ ಯಜ್ಞೇಶಣ್ಣನಿಗೆ ಫೋನ್ ಮಾಡುತ್ತಾರೆ. ಮಜ್ರಾಕ್ಕೆ ಹೋಗಿದ್ದೀರಾ, ಗಾನಿಮ್ ಬಂದಿದ್ದಾನಾ, ಕೋವಿ ಯಾರ ಕೈಯಲ್ಲಿದೆ? ಕೊನೆಯದನ್ನು ಅವರು ಯಾವಾಗಲೂ ಕೇಳುತ್ತಾರೆ. ಗಾನಿಮ್ ತನ್ನ ಕೋವಿಯನ್ನು ಯಾರು ಕೇಳಿದರೂ ಕೊಡುತ್ತಾನೆ, ಮುಬಾರಕ್ ಕೇಳದೆ ಇರುವವನಲ್ಲ.

ಇವತ್ತು ಮಧ್ಯಾಹ್ನ ಯಜ್ಞೇಶಣ್ಣ ಹೌದು, ಬಂದಿದ್ದಾರೆ, ಇಬ್ಬರೂ ಮೇಜು ಹಾಕಿಸುತ್ತಿದ್ದಾರೆ ಎಂದರು. ಮುಂದೆ ಏನೋ ಹೇಳುವಾಗ ಲೈನು ಕಡಿಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಗಂಟೆ ಬಡಿಯಿತೇ ಹೊರತು ಯಾರೂ ಎತ್ತಲಿಲ್ಲ. ಬೆನಿಟಾ ಆಂಟಿ ತಟ್ಟೆಗೆ ಅನ್ನ ಹಾಕಿದ್ದರು. ವಲೇರಿಯನ್ ಬೂಟು ಹಾಕಿಕೊಂಡು, ಮೆಟ್ಟಿಲಿಳಿದು, ಶಮಾಲ್ ರಸ್ತೆಗೆ, ಮಜ್ರಾದ ಕಡೆಗೆ ಬರುವ ಟ್ಯಾಕ್ಸಿಗಾಗಿ ಬಿಸಿಲಿನಲ್ಲಿ ಕೈ ಚಾಚಿ ನಿಂತರು. ಮೊದಲ ಎರಡು ಕಾರುಗಳು ನಿಲ್ಲಲಿಲ್ಲ. ಮೂರನೆಯದು ನಿಂತಿತು.