ಆಡಿಷನ್ನಿನ ಕೊನೆಯ ಪ್ರಶ್ನೆ

ಕಳೆದ ವಾರ ಹಾವೇರಿಯಲ್ಲಿ ಒಬ್ಬ ಹುಡುಗಿ ನನ್ನನ್ನು ನಗಿಸಿ, ನಗಿಸಿ, ಕೊನೆಗೆ ಅಳಿಸಿಬಿಟ್ಟಳು. ಸಂಜೆಯೊಳಗೆ ನಾನೇ ಅವಳ ಹೆಸರಿನ ಮೇಲೆ ಗೀಟು ಎಳೆದೆ.

ಹೇಳುತ್ತೇನೆ, ಬೈಯಬೇಡಿ. (ಬೈದರೂ ಸರಿ.)

ನಮ್ಮ ಕಡೆಯ ಒಂದು ನಾಟಕ ತಂಡ. ಒಂದು ವರ್ಷದ ತರಬೇತಿಗೆ ಒಂದೇ ಸೀಟು ಉಳಿದಿತ್ತು. ಊಟ, ವಸತಿ ತಂಡದ್ದು, ಪಗಾರ ಇಲ್ಲ. ಆದರೆ ಇದನ್ನು ಮುಗಿಸಿದವರೇ ಮುಂದೆ ಸಂಬಳದ ನಟರಾಗುವುದು. ಹಳಬಳು ಅಂತ ನನ್ನನ್ನು ಜಡ್ಜ್ ಮಾಡಿ ಕೂರಿಸಿದ್ದರು.

ಬ್ಯಾಡಗಿಯ ರೇಣುಕಾ ಬಂದಳು. ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹುಡುಗಿ. ಅವಳು ಮಾಡಿದ್ದು ಇಷ್ಟೇ: ಮೆಣಸಿನಕಾಯಿ ರಾಶಿಯ ಮುಂದೆ ಕೂತ ಹೆಂಗಸೊಬ್ಬಳು ಮಗಳಿಗೆ ಬಂದ ವರನ ಬಗ್ಗೆ ಹೇಳಬೇಕು. ಹುಡುಗನ ಹೆಸರು ಬಾಯಿಗೆ ಬಂತೆಂದರೆ ಖಾರದ ಘಾಟಿಗೆ 'ಆಕ್ಷೀ' ಅಂತ ಸೀನು! ನಾವು ಬಿದ್ದು ಬಿದ್ದು ನಕ್ಕೆವು. ಆಮೇಲೆ ಗೊತ್ತಾಯಿತು, ಆ ಹೆಂಗಸು ಸೀನಿನೊಳಗೆ ಅಳು ಮುಚ್ಚಿಡುತ್ತಿದ್ದಾಳೆ. ವಾಟ್ ಎ ಗರ್ಲ್! ಕಾನ್ವೆಂಟಿನ ನಾಟಕಗಳಲ್ಲಿ ಸಿಸ್ಟರ್ ಅಷ್ಟು ತಿದ್ದಿದರೂ ನನಗೆ ಆ ಟೈಮಿಂಗ್ ಬರಲೇ ಇಲ್ಲ.

ಕೊನೆಗೆ ಎಲ್ಲರಿಗೂ ಕೇಳುವ ಒಂದು ಪ್ರಶ್ನೆ. ಕೇಳುವ ಕೆಲಸ ನನ್ನದು. ನನ್ನ ದನಿ ಸಾಫ್ಟ್ ಅಂತೆ.

"ವರ್ಷಪೂರ್ತಿ ಪಗಾರ ಇಲ್ಲದ ಇರಾಕ ಆಗತದೇನವಾ?"

"ನನ್ನ ಹೊಟ್ಟಿದು ಹೆಂಗೋ ಆಕ್ಕೈತ್ರಿ ಅಮ್ಮಾರ. ಮನ್ಯಾಗಿನವರದು? ಸೀಜನ್‌ದಾಗ ಎರಡು ತಿಂಗಳ ಕೆಲಸಕ್ಕ ಹೋಗಿ ಬರ್ತೇನಿ. ನಡೀತೈತೇನ್ರಿ?"

ನಡೆಯುವುದಿಲ್ಲ. ರೂಲ್ಸ್.

ಮುಂದಿನವಳು ರಾಣೆಬೆನ್ನೂರಿನವಳು. ಅಪ್ಪನದು ದೊಡ್ಡ ಬೀಜದ ಅಂಗಡಿ. ಚಲೋ ಹುಡುಗಿ, ಅವಳದೇನೂ ತಪ್ಪಿಲ್ಲ. ಅಭಿನಯ ಸುಮಾರು. ಆದರೆ ಪ್ರಶ್ನೆ ಮುಗಿಯುವ ಮೊದಲೇ "ನೋ ಪ್ರಾಬ್ಲಮ್ ಆಂಟಿ" ಅಂದಳು. (ಆ ವಯಸ್ಸಿನಲ್ಲಿ ನಾನೂ ಹಾಗೇ ಅನ್ನುತ್ತಿದ್ದೆನೇನೋ. ನನ್ನನ್ನು ಯಾರೂ ಕೇಳಲೇ ಇಲ್ಲ. ನಮ್ಮಪ್ಪನ ಬಟ್ಟೆ ಅಂಗಡಿ ಎಲ್ಲರಿಗೂ ಗೊತ್ತಿತ್ತಲ್ಲ!)

ಸೀಟು ಅವಳಿಗೆ ಹೋಯಿತು. ರೇಣುಕಾಳ ಹೆಸರಿನ ಮುಂದೆ ನಾನು ಬರೆದೆ: ಟ್ಯಾಲೆಂಟ್ ಇದೆ, ಕಮಿಟ್‌ಮೆಂಟ್ ಕಡಿಮೆ.

ಕಮಿಟ್‌ಮೆಂಟ್! ಮನೆಮಂದಿಯ ಅನ್ನ ನೆನೆಸಿಕೊಂಡ ಹುಡುಗಿಗೆ ನಾನು ಕೊಟ್ಟ ಸರ್ಟಿಫಿಕೇಟ್ ಇದು. ಬರೆದು, ಚಹಾ ಕುಡಿದು, ಮನೆಗೆ ಬಂದೆ.

ಮೊನ್ನೆ ತಡೆಯಲಾರದೆ ಅವಳಿಗೆ ಫೋನ್ ಮಾಡಿದೆ. (ಸಮಾಧಾನ ಬೇಕಾಗಿದ್ದದ್ದು ನನಗೆ.) ಆ ಕಡೆ ಹೆಂಗಸರ ಗದ್ದಲ, ಮಾತಿಗೊಂದು ಸೀನು. ಇವು ಖರೇ ಸೀನು.

"ಮುಂದಿನ ವರ್ಷ ಮತ್ತ ಬಾರವಾ" ಅಂದೆ.

"ಅಷ್ಟರಾಗ ನಾವು ಸಾವ್ಕಾರ ಆಗಿರ್ತೇವೇನ್ರಿ?" ನಕ್ಕಳು. ನನಗೆ ನಗು ಬರಲಿಲ್ಲ. ಅವಳೇ ಮತ್ತೆ ಶುರು ಮಾಡಿದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಪಾಠ ಕೇಳುವವಳ ಹಾಗೆ ಕೇಳಿದಳು:

"ನೀವು ಅಷ್ಟು ಮೆತ್ತಗ ಕೇಳಿದ್ರಿ ಅಂತ ನಾ ಖರೇ ಹೇಳಿದೆ. ಅಲ್ಲೂ ಆ್ಯಕ್ಟಿಂಗ್ ಮಾಡಬೇಕಿತ್ತೇನ್ರಿ ಅಮ್ಮಾರ?"